ಕೆಂಪು ಕೊಡೆಯ ಹಿಂದೆ ಬಂದವರು

ಮುಗಿಲೆತ್ತರದ ಬುರ್ಜುಗಳು ಆಗಲೇ ಎದ್ದು ನಿಂತಿದ್ದ ದುಬೈಯಲ್ಲಿ, ಜನರನ್ನು ನಡೆಸಿಕೊಂಡು ಹೋಗಿ ಹಳೇ ಬೀದಿಗಳನ್ನು ತೋರಿಸುವ ಗೈಡ್ ಆಗಿದ್ದೆ ನಾನು. ಕೆಂಪು ಕೊಡೆ ಎತ್ತಿ ಹಿಡಿದು ನಾನು ಮುಂದೆ, ಪ್ರವಾಸಿಗರು ಹಿಂದೆ. ಮನೆಗಳ ಚರಿತ್ರೆ ದಿನವೂ ಅದೇ, ಹಿಂದೆ ಬರುವವರು ಮಾತ್ರ ಬೇರೆ ಬೇರೆ. ಹಾಗಾಗಿ ಏನಾದರೊಂದು ಎಡವಟ್ಟಾಗದೆ ನನ್ನ ಬೆಳಗು ಮುಗಿದದ್ದು ಕಡಿಮೆ.

೧. ಹಿಂದಿನವರ ಬುದ್ಧಿ

ಬಸ್ತಕಿಯಾ ಎಂಬ ಹಳೇ ಕೇರಿಯಲ್ಲಿ ಇರಾನಿನ ವ್ಯಾಪಾರಿಗಳು ಕಟ್ಟಿಸಿದ ಮನೆಗಳಿವೆ. ಮಹಡಿಯ ಮೇಲೊಂದು ಗಾಳಿಗೋಪುರ. ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತದೆ. ಒಂದು ಜುಲೈಯಲ್ಲಿ ನಮ್ಮ ಉಡುಪಿ ಕಡೆಯವರ ಗುಂಪೊಂದು ಬಂತು. ಅವರಲ್ಲಿದ್ದ ನಿವೃತ್ತ ಮೇಷ್ಟ್ರು ಗೋಪುರದ ಕೆಳಗೆ ನಿಂತು ಕಣ್ಣು ಮುಚ್ಚಿದರು.

"ಕರೆಂಟಿಲ್ಲದೆ ಇಷ್ಟು ತಂಪು. ಹಿಂದಿನವರ ಬುದ್ಧಿ ನೋಡಿ ಮಾರಾಯ್ರೆ."

ಒಬ್ಬೊಬ್ಬರಾಗಿ ಎಲ್ಲರೂ ಅಲ್ಲಿ ನಿಂತು ತಲೆದೂಗಿದರು, ಫೋಟೋ ತೆಗೆಸಿಕೊಂಡರು. ನನಗೇ ಆಶ್ಚರ್ಯ, ಇಷ್ಟು ವರ್ಷ ಅದೇ ಜಾಗದಲ್ಲಿ ನಾನು ಬೆವರಿದ್ದೇ ಹೊರತು ಬೇರೇನೂ ಇಲ್ಲ. ಅಷ್ಟರಲ್ಲಿ ಪಕ್ಕದ ಕಾಫಿ ಅಂಗಡಿಯವನು ತನ್ನ ಎ.ಸಿ.ಯೆಲ್ಲ ಹೊರಗೆ ಹೋಗುತ್ತಿದೆಯೆಂದು ಗೊಣಗುತ್ತಾ ಬಾಗಿಲು ಎಳೆದುಕೊಂಡ. ಹಿಂದಿನವರ ಬುದ್ಧಿ ಅಲ್ಲಿಗೇ ನಿಂತಿತು.

೨. ಒಂದು ಬಂದರು ಆಚೀಚೆ

ದೊಡ್ಡ ಹಡಗಿನಲ್ಲಿ ಊರೂರು ಸುತ್ತಿ ಬಂದ ವಿದೇಶಿ ದಂಪತಿ. ಹೆಂಡತಿ ದಾರಿಯುದ್ದಕ್ಕೂ ಕೇಳಿದ್ದು ಒಂದೇ: ಯಹೂದಿಗಳ ಬೀದಿ ಯಾವಾಗ ಬರುತ್ತದೆ, ನೀಲಿ ಹಂಚು ಹಾಸಿದ ಅವರ ಪ್ರಾರ್ಥನಾ ಮಂದಿರ ಎಲ್ಲಿ. ಅದು ಕೊಚ್ಚಿಯಲ್ಲಿದೆ, ನಿಮ್ಮ ಹಡಗು ಅಲ್ಲಿಂದಲೇ ಬಂತಲ್ಲ ಎಂದೆ. ಅಲ್ಲಿ ತಾನು ಅಂಥದ್ದೇನೂ ನೋಡಲಿಲ್ಲವೆಂದು ಆಕೆ ವಾದಕ್ಕೇ ನಿಂತರು.

ಗಂಡ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. "ಬೇಸರ ಮಾಡಿಕೊಳ್ಳಬೇಡಿ. ಆ ಬೀದಿಯನ್ನು ಪೂರ್ತಿ ಸುತ್ತಿದ್ದೇವೆ. ಜಗತ್ತಿನ ಅತಿ ಎತ್ತರದ ಕಟ್ಟಡ ಯಾವ ತಿರುವಿನಲ್ಲಿದೆ ಅಂತ ಅಲ್ಲಿನ ಗೈಡ್‌ನ ಪ್ರಾಣ ತಿಂದಳು."

೩. ಹೆಚ್ಚಾದ ಒಂದು ತಲೆ

ದೋಣಿಯಲ್ಲಿ ಊರೊಳಗೆ ಚಾಚಿದ ಸಮುದ್ರದ ಖಾರಿ ದಾಟಿ ಆಚೆ ದಡದ ದೇರಾದ ಸಾಂಬಾರ ಪೇಟೆಗೆ ಹೋದ ದಿನ ನನ್ನ ಗುಂಪಿನಲ್ಲಿ ಒಬ್ಬರು ಬಹಳ ಆಸಕ್ತಿಯಿಂದ ಕೇಳುತ್ತಿದ್ದರು. ಈ ಅಂಗಡಿಗಳನ್ನು ಮೊದಲು ಹಾಕಿದ್ದು ಯಾರು, ಅವರೆಲ್ಲ ಈಗ ಎಲ್ಲಿ ಹೋದರು, ಹೀಗೆ ಒಳ್ಳೊಳ್ಳೆಯ ಪ್ರಶ್ನೆ. ಕೊನೆಗೆ ನಿಮ್ಮ ಹೋಟೆಲು ಯಾವುದು, ಬಸ್ಸು ಅಲ್ಲೇ ಬಿಡುತ್ತದೆ ಎಂದೆ.

"ಹೋಟೆಲು ಎಂಥದ್ದು ಅಕ್ಕಾ? ನನ್ನದು ಇಲ್ಲೇ ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜು," ಎಂದರು. ಪುತ್ತೂರು ಕಡೆಯ ಬ್ಯಾರಿ. ಮನೆಗೆ ಕರಿಮೆಣಸು ಕೊಳ್ಳಲು ಬಂದವರು, ದೋಣಿಯ ಹತ್ತಿರ ನಮ್ಮ ಸಾಲು ಕಂಡು ತಾವೂ ನಿಂತಿದ್ದರು. ಇಷ್ಟು ಜನ ನಿಂತ ಮೇಲೆ ಕೊನೆಗೆ ಏನಾದರೂ ಕೊಡುತ್ತಾರೆ ಎಂಬ ಲೆಕ್ಕ.

"ಚರಿತ್ರೆ ಕೊಟ್ಟೆನಲ್ಲ," ಎಂದೆ.

"ಅದು ಬಂತು. ಚೀಲಕ್ಕೆ ಹಾಕುವಂಥದ್ದು ಏನಾದರೂ ಉಂಟಾ?"

೪. ಅಮ್ಮ ಬಂದ ದಿನ

ನನ್ನ ಗೈಡ್ ಲೈಸೆನ್ಸ್ ನವೀಕರಣದ ಸಮಯ. ಆ ವಾರ ಪ್ರವಾಸಿಗರ ನಡುವೆ ಗುಟ್ಟಾಗಿ ಒಬ್ಬ ಪರೀಕ್ಷಕರು ಬರುತ್ತಾರೆ, ಅವರಿಗೆ ಹಿಡಿಸದಿದ್ದರೆ ಖಲಾಸ್, ಕೆಲಸವೂ ಇಲ್ಲ ವೀಸಾವೂ ಇಲ್ಲ ಎಂದು ಮ್ಯಾನೇಜರ್ ಹೆದರಿಸಿಟ್ಟಿದ್ದರು. ಊರಿಂದ ಅಮ್ಮ ಬಂದದ್ದೂ ಆಗಲೇ. ಫ್ಲ್ಯಾಟ್‌ನಲ್ಲಿ ಒಬ್ಬಳೇ ಕೂರಲು ನಾನೇನು ಉಪ್ಪಿನಕಾಯಿ ಭರಣಿಯಾ ಎಂದು ನನ್ನ ಜೊತೆಗೇ ಹೊರಟರು.

ಗುಂಪನ್ನು ನೋಡಿದ ಕೂಡಲೇ ಪರೀಕ್ಷಕ ಯಾರೆಂದು ನನಗೆ ಗೊತ್ತಾಯಿತು. ಆ ಬಿಸಿಲಲ್ಲೂ ಕೋಟು ಹಾಕಿದ, ಗಂಟು ಮುಖದ ಒಬ್ಬ; ನಾನು ಏನು ಹೇಳಿದರೂ ನಗುವುದಿಲ್ಲ. ನೆರಳಿದ್ದಲ್ಲೆಲ್ಲ ಅವನನ್ನು ನಿಲ್ಲಿಸಿದೆ. ಮೊದಲ ಕಾಫಿ ಅವನಿಗೇ ಕೊಟ್ಟೆ. ಹಿಂದುಗಡೆ ಅಬಾಯಾ ಎಂಬ ಕಪ್ಪು ನಿಲುವಂಗಿ ತೊಟ್ಟ ಹೆಂಗಸೊಬ್ಬರಿದ್ದರು. ಇಲ್ಲಿಯವರೇ, ಅಜ್ಜನ ಮನೆ ನೋಡಲು ಬಂದಿರಬೇಕೆಂದು ನಾನು ಆ ಕಡೆ ತಿರುಗಲೇ ಇಲ್ಲ. ಅಮ್ಮ ಮಾತ್ರ ಅವರ ಕೈ ಹಿಡಿದುಕೊಂಡು, ಟಿ.ವಿ. ಧಾರಾವಾಹಿಯಿಂದ ಕಲಿತ ಹಿಂದಿಯಲ್ಲಿ ಬೀದಿಯುದ್ದಕ್ಕೂ ಹರಟಿದರು. ಅವರೂ ಹಿಂದಿಯಲ್ಲೇ ಉತ್ತರಿಸಿ ನಗುತ್ತಿದ್ದರು. ಕೋಟಿನವನಿಗೆ ತೊಂದರೆಯಾದೀತೆಂದು ನಾನು ಅಮ್ಮನಿಗೆ ಕಣ್ಣು ಬಿಟ್ಟದ್ದೂ ಆಯಿತು.

ಎಲ್ಲ ಮುಗಿದ ಮೇಲೆ ಕೋಟಿನವನು ನೇರ ನನ್ನ ಹತ್ತಿರ ಬಂದ. ನಾನು ಕೊಡೆ ಮಡಚಿ ನೆಟ್ಟಗೆ ನಿಂತೆ. ಹೊಸ ಶೂ ಬೆಳಗಿನಿಂದ ಕಚ್ಚುತ್ತಿದೆ, ಟ್ಯಾಕ್ಸಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಕುಂಟುತ್ತಾ ಹೋದ. ಅವನ ಹಿಂದೆಯೇ ಅಬಾಯಾದ ಹೆಂಗಸು ಬಂದು ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ತೋರಿಸಿದರು. ಕೆಲಸ ಪರವಾಗಿಲ್ಲ, ಪಾಸು ಎಂದರು.

"ನಿಮಗಿನ್ನೂ ಮದುವೆಯಾಗಿಲ್ಲವಂತೆ. ಲೈಸೆನ್ಸೂ ಹೋದರೆ ಇವಳನ್ನು ಯಾರು ಒಪ್ಪುತ್ತಾರೆ ಎಂದು ನಿಮ್ಮಮ್ಮ ಕೇಳಿದರು. ನನಗೂ ಹೌದೆನಿಸಿತು."

ಅಂದರೆ ಅಮ್ಮನಿಗೆ ಮೊದಲೇ ಗೊತ್ತಿತ್ತು. ಅವರು ಹೋದ ಮೇಲೆ, ಅದು ಹೇಗೆ ಗೊತ್ತಾಯಿತು ಎಂದು ಅಮ್ಮನನ್ನು ಹಿಡಿದುಕೊಂಡೆ.

"ನೀವು ಯಾರು ಅಂತ ಕೇಳಿದೆ. ಹೇಳಿದರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀನು ಒಮ್ಮೆ ಬಾಯಿ ಮುಚ್ಚಲಿ ಅಂತ ಬೆಳಗಿನಿಂದ ಕಾಯ್ತಾ ಇದ್ದೆ ಮಗಾ."