ಪಟ್ಟಿಯೊಳಗಿನ ಕಣ್ಣಿನ ಓಡಾಟ

ಹೇಳಿದ ಮಾತು ಕೇಳದವರನ್ನು ಬಹಳ ಕಂಡಿದ್ದೇನೆ. ಆದರೆ ನನ್ನ ಕಣ್ಣುಗಳಂಥ ಹಟಮಾರಿಗಳನ್ನು ಕಂಡಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಲೆ ಬಿದ್ದ ಹಾಳೆಗಳನ್ನು ಹುಡುಕಿ ಬೇರೆ ತೆಗೆಯುವುದು ಆಗ ನನ್ನ ಕೆಲಸ. ಒಂದು ರವಿವಾರ ಹೆಂಡತಿ, ಬಟ್ಟೆ ಒಣಹಾಕಲು ಬಿದಿರಿನ ಗಳ ಬೇಕೆಂದಳು. ಬಿದಿರಿನಿಂದಲೇ ಕಾಗದ ಮಾಡುವ ಊರಲ್ಲಿದ್ದು ಬಿದಿರಿಗೆ ಹೆದರುವುದುಂಟೇ? ಜಂಬದಿಂದ ಕೊಡಲಿ ಎತ್ತಿದೆ. ಸಿಬಿರು ಸಿಡಿದು ಎಡಗಣ್ಣಿಗೆ ಬಡಿಯಿತು.

ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. "ಬಲಗಣ್ಣೇನು ತಪ್ಪು ಮಾಡೇತ್ರಿ?" ಎಂದೆ. "ಅದು ಹೊರಳಿದ್ರ ಇದೂ ಹೊರಳ್ತೈತಿ. ಗಾಯ ಮಾಯೂತನಕ ಅಲುಗಾಡಬಾರದು. ಕಣ್ಣಾಗ ಗಾಯದ ಕಲಿ ಉಳೀತಂದ್ರ ನಿಮ್ಮ ಕೆಲಸ ಹೋತಂತ ತಿಳೀರಿ" ಎಂದರು.

ಏನೂ ಕಾಣದ ಕಣ್ಣು ಸುಮ್ಮನೆ ಬಿದ್ದಿರುತ್ತದೆಂದು ತಿಳಿದಿದ್ದೆ. ಎಲ್ಲಿಯದು! ಒಲೆಯ ಬಳಿ ಬಳೆ ಸದ್ದಾದರೆ ಅತ್ತ, ಬಾಗಿಲು ಕಿರುಗುಟ್ಟಿದರೆ ಇತ್ತ. ಸದ್ದೇ ಇಲ್ಲದಿದ್ದರೆ ಶೇಂಗಾ ಉಂಡಿಯ ಡಬ್ಬಿ ಇರುವ ಮೂಲೆಗೆ. ಎಲ್ಲಿ ಏನಿದೆಯೆಂದು ಮಿದುಳಿಗೆ ಗೊತ್ತಿರುತ್ತದಂತೆ. ಅದು ಹುಕುಂ ಕೊಡುತ್ತದೆ, ಕಾಣಲಿ ಬಿಡಲಿ ಕಣ್ಣು ಹೊರಡುತ್ತದೆ. ಇದನ್ನು ಡಾಕ್ಟರು ಹೇಳುವ ಮೊದಲೇ ಹೆಂಡತಿ ಬಲಗಣ್ಣಿನ ಪಟ್ಟಿಯ ಮೇಲೆ ಹಗುರಾಗಿ ಬೆರಳಿಟ್ಟು ಕಂಡುಹಿಡಿದಿದ್ದಳು. "ಈಗ ಉಂಡಿ ಡಬ್ಬಿ ಕಡೆ ಹೊಂಟಿತ್ತು, ಹೌದಲ್ರೀ?"

ಮರುದಿನವೇ ನನ್ನ ಮಂಚದ ನೇರ ಎದುರಿಗೆ ಒಂದು ಮಣೆ ಬಂತು. ದನಿ ಎದುರಿನಿಂದಲೇ ಬಂದರೆ ಕಣ್ಣು ಅತ್ತಿತ್ತ ಹೊರಳದೆಂಬುದು ಅವಳ ಲೆಕ್ಕ. ಯಾರೇ ಬಂದರೂ ಅದರ ಮೇಲೆ ಕುಳಿತೇ ಬಾಯಿ ತೆರೆಯಬೇಕು. ಪಕ್ಕದ ಮನೆಯ ಮೆಕ್ಯಾನಿಕ್ ಹುಸೇನಸಾಬರು ಬಾಗಿಲಲ್ಲೇ ನಿಂತು "ಹೆಂಗದೀರಿ?" ಎಂದದ್ದೇ ತಡ, "ಅಣ್ಣಾರ, ಮಣಿ ಮ್ಯಾಲ ಕುಂತು ಕೇಳ್ರಿ!" ಎಂದು ಗದರಿದಳು. ಪಾಪ, ಹೋಗಿಬರುತ್ತೇನೆ ಎನ್ನಲೂ ಅವರು ಮಣೆಯಿಂದ ಎದ್ದೇಳಲಿಲ್ಲ. ಉಳಿದ ಹೊತ್ತೆಲ್ಲ ಮಣೆ ಅವಳದೇ. ಮದುವೆಯಾದಂದಿನಿಂದ ಅಡುಗೆಮನೆಯಿಂದಲೇ ಕೂಗಿ ಸಂಸಾರ ನಡೆಸಿದವಳು, ಈಗ ಎದುರಿಗೆ ಕುಳಿತು, ತವರೂರು ಹಳಿಯಾಳದಲ್ಲಿ ತಾನು ಹುಣಸೆಮರದಿಂದ ಬಿದ್ದದ್ದನ್ನೂ ಹೇಳಿದಳು. ನನಗದು ಗೊತ್ತೇ ಇರಲಿಲ್ಲ. ಕಣ್ಣುಗಳು ಅವಳ ದನಿಯ ಮೇಲೆ ನೆಟ್ಟು ನಿಂತವು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಕಲಿ ಉಳಿದಿಲ್ಲ, ನಾಳೆ ಕೆಲಸಕ್ಕ ಹೋಗ್ರಿ" ಎಂದರು. ಕುಣಿಯುವಂತಾಯಿತು. ಮನೆಗೆ ಬಂದವಳೇ ಹೆಂಡತಿ ಮಣೆ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಅಲ್ಲಿಂದಲೇ ಕೂಗು.

"ಇಲ್ಲೇ ಬಂದು ಕುಂತು ಮಾತಾಡ" ಎಂದೆ.

"ಕಣ್ಣು ಕಾಣ್ತಾವಲ್ಲ, ಈಗ ನೀವ ಇತ್ತ ಬರ್ರಿ."

ಹೋದೆ. ಮಣೆ ಕೊಟ್ಟಳು, ಈಳಿಗೆ ಕೊಟ್ಟಳು, ಹೆಚ್ಚಲು ಕಾಯಿಪಲ್ಲೆ ಕೊಟ್ಟಳು. ಒಲೆಯ ಬೆಳಕಿನಲ್ಲಿ ಅವಳ ಮುಖ ನೋಡುತ್ತ ಕುಳಿತೆ. ಕಣ್ಣು ತುಂಬಿ ಬಂತು. ಗಂಡಸಲ್ಲವೇ, "ಉಳ್ಳಾಗಡ್ಡಿ ಭಾಳ ಖಾರ ಐತಿ" ಎಂದು ಈರುಳ್ಳಿಯ ಮೇಲೆ ತಪ್ಪು ಹೊರಿಸಿದೆ.

ಅವಳು ಗಾಬರಿಯಿಂದ ಬಾಗಿ ನನ್ನ ಕಣ್ಣನ್ನೇ ದಿಟ್ಟಿಸಿದಳು. "ಅಯ್ಯ, ಹೆಚ್ಚಾಕ ಕೊಟ್ಟಿದ್ದು ಬದನಿಕಾಯಿ ರೀ! ನಡೀರಿ, ಮತ್ತ ಡಾಕ್ಟರ ಕಡೆ ಹೋಗೂಣು!"