ನಾಲ್ಕನೆಯ ಭರಣಿ

ಇಲ್ಲ ಎನ್ನಲು ಬಾರದವನಿಗೆ ಬೇರೆ ಶತ್ರುಗಳು ಬೇಕಾಗಿಲ್ಲ. ಮಣ್ಣಗುಡ್ಡದ ಆ ಫ್ಲ್ಯಾಟಿನ ವಸತಿ ಸಂಘದವರು ಮಾವಿನ ಉಪ್ಪಿನಕಾಯಿ ಸ್ಪರ್ಧೆಗೆ ತೀರ್ಪುಗಾರರಾಗಿ ಎಂದು ಕೇಳಿದಾಗ, ಬಾಡಿಗೆದಾರ ನಿತ್ಯಾನಂದರು ಅಭ್ಯಾಸಬಲದಿಂದ "ಆಯ್ತು" ಎಂದುಬಿಟ್ಟರು. ಭರಣಿಯ ಮೇಲೆ ಬರೀ ನಂಬರು, ಹೆಸರಿನ ಚೀಟಿ ತಳದಲ್ಲಿ. ಹೆದರುವುದಕ್ಕೆ ಏನಿದೆ ಎಂದುಕೊಂಡಿದ್ದರು, ಪಾಪ.

ಭಾನುವಾರ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಹೊಸ್ತಿಲಲ್ಲೇ ಸಂಘದ ಕಾರ್ಯದರ್ಶಿ ತೆರೆಸಾ ಬಾಯಿ.

"ನಾನು ಹೇಳ್ಬಾರದು ನಿತ್ಯಾನಂದಣ್ಣ. ಆದ್ರೂ ವಿನೆಗರ್ ಪರಿಮಳ ಬಂದ್ರೆ ಅದು ಯಾರದ್ದೂಂತ ನಿಮಗೆ ಗೊತ್ತಾಗ್ಬೇಕಲ್ಲ!"

ಲಿಫ್ಟಿನಲ್ಲಿ ಮೇಲಿನ ಮನೆಯ ಪಾತುಮ್ಮ ಸಿಕ್ಕರು. ನಿತ್ಯಾನಂದರ ಹೆಂಡತಿ ಗುಣವತಿ ಕಳೆದ ವರ್ಷ ಆಪರೇಶನ್ ಆಗಿ ಆಸ್ಪತ್ರೆಯಲ್ಲಿದ್ದಾಗ, ಎರಡು ಹೊತ್ತೂ ಇವರಿಗೆ ಊಟ ಕಳಿಸಿದ ಪುಣ್ಯಾತ್ಗಿತ್ತಿ.

"ನನ್ನದರಲ್ಲಿ ಇಡೀ ಬೆಳ್ಳುಳ್ಳಿ ಉಂಟು ಅಣ್ಣ. ನಾನೆಂತ ಕೇಳುದಿಲ್ಲ. ಊಟ ಕಳಿಸಿದ್ದು ಕೂಡ ನೆನಪು ಮಾಡುದಿಲ್ಲ."

ಮಧ್ಯಾಹ್ನ ಮನೆಯ ಓನರ್ ಶಶಿಪ್ರಭಾ ಅವರ ಫೋನ್. "ಅಗ್ರಿಮೆಂಟ್ ಈ ತಿಂಗಳು ಮುಗೀತದಲ್ಲ? ಸ್ಪರ್ಧೆ ಮುಗೀಲಿ, ಮಾತಾಡುವ. ಹಾಂ, ನನ್ನದು ಮಿಡಿ ಮಾವು. ಉಳಿದವರದ್ದೆಲ್ಲ ಹೋಳು."

ನಿತ್ಯಾನಂದರು ಅನ್ನದ ಬಟ್ಟಲನ್ನು ಬದಿಗೆ ಸರಿಸಿದರು. ಆಪರೇಶನ್ ಆದ ಮೇಲೆ ಇನ್ನೂ ಪೂರ್ತಿ ಚೇತರಿಸದ ಗುಣವತಿಯನ್ನು ಕಟ್ಟಿಕೊಂಡು ಮನೆ ಬಿಡಬೇಕಾಗಿ ಬಂದರೆ ಎಲ್ಲಿಗೆ ಹೋಗುವುದು?

"ಎಂತ ಮಾಡುದು ಮಾರಾಯ್ತಿ?"

"ನಿಮ್ಮ ನಾಲಿಗೆ ಹೇಳಿದ ಹಾಗೆ ಮಾಡಿ" ಎಂದು ಗುಣವತಿ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಸಂಜೆ ಸಂಘದ ಸಭೆಯಲ್ಲಿ ಮೇಜಿನ ಮೇಲೆ ನಾಲ್ಕು ಭರಣಿಗಳಿದ್ದವು. ವಿನೆಗರ್, ಬೆಳ್ಳುಳ್ಳಿ, ಮಿಡಿ. ಮೂರರ ಹಿಂದೆಯೂ ಒಬ್ಬೊಬ್ಬರು ನಿಂತು ಇವರ ಬಾಯಿಯನ್ನೇ ನೋಡುತ್ತಿದ್ದರು. ಮೂರನ್ನು ನೆಕ್ಕುವಷ್ಟರಲ್ಲಿ ನಾಲಿಗೆ ಸುಟ್ಟ ಬದನೆಕಾಯಿಯಂತಾಗಿ, ಕಣ್ಣಲ್ಲಿ ನೀರಿಳಿಯಿತು. ನಾಲ್ಕನೆಯದರ ಬಗ್ಗೆ ಮಾತ್ರ ಯಾರೂ ಬಂದು ಹೇಳಿರಲಿಲ್ಲ. ವಾರಸುದಾರರಿಲ್ಲದ ಭರಣಿ! ದೇವರೇ ತಂದಿಟ್ಟಂತಿತ್ತು. ಅದಕ್ಕೆ ಕೊಟ್ಟರೆ ಯಾರ ಕೋಪವೂ ಇಲ್ಲ.

"ನಾಲ್ಕನೆಯದು!" ಎಂದು ನಿತ್ಯಾನಂದರು ಕೂಗಿದರು. "ಇಂಥ ಉಪ್ಪಿನಕಾಯಿ ನಾನು ಈ ಜನ್ಮದಲ್ಲಿ ತಿಂದಿಲ್ಲ!"

ತೆರೆಸಾ ಬಾಯಿ ಭರಣಿ ಎತ್ತಿ ತಳದ ಚೀಟಿ ಓದಿದರು. "ಗುಣವತಿ, ಎರಡನೇ ಮಾಳಿಗೆ."

"ಓಹೋ, ಹೆಂಡತಿಗೇ ಪ್ರೈಜಾ?" ಎಂದರು ಪಾತುಮ್ಮ.

"ಇದೆಲ್ಲ ಮನೆಯಲ್ಲೇ ಮಾತಾಡಿ ಬಂದದ್ದು!" ಎಂದರು ತೆರೆಸಾ ಬಾಯಿ.

"ನಾಳೆಯಿಂದ ಬೇರೆ ಮನೆ ನೋಡಿ ಮಾರಾಯ್ರೆ" ಎಂದರು ಶಶಿಪ್ರಭಾ.

ನಿತ್ಯಾನಂದರಿಗೆ ಅಳುವೇ ಬಂತು. "ದೇವರಾಣೆ, ನನಗೆ ಗೊತ್ತಿರ್ಲಿಲ್ಲ! ಬೇಕಾದ್ರೆ ಬಿಕರ್ನಕಟ್ಟೆ ಇಗರ್ಜಿಗೆ ಬಂದು ಬಾಲಯೇಸುವಿನ ಎದುರು ಆಣೆ ಹಾಕ್ತೇನೆ. ಮೂವತ್ತು ವರ್ಷ ದಿನಾ ತಿಂದದ್ದು ಹೌದು. ಆದ್ರೆ ಇವಳ ಉಪ್ಪಿನಕಾಯಿ ಹೇಗಿರ್ತದೇಂತ ನನಗೆ ಇವತ್ತಿಗೂ ಗೊತ್ತಿಲ್ಲ!"

ಅಷ್ಟು ಸತ್ಯವಾದ ಮಾತನ್ನು ಆ ಕಟ್ಟಡ ಕೇಳಿಯೇ ಇರಲಿಲ್ಲ. ಎಲ್ಲರೂ ನಂಬಿದರು. "ಪಾಪದ ಜನ" ಎಂದರು ಪಾತುಮ್ಮ. ಶಶಿಪ್ರಭಾ ಕರಗಿ, "ಆಯ್ತು, ಅಗ್ರಿಮೆಂಟ್ ಮಾಡುವ" ಎಂದರು. ನಿತ್ಯಾನಂದರು ಬೆಳಗಿನಿಂದ ಮೊದಲ ಬಾರಿಗೆ ಸರಿಯಾಗಿ ಉಸಿರಾಡಿದರು.

ಹಿಂದಿನ ಸಾಲಿನಿಂದ ಗುಣವತಿ ಎದ್ದು ಬಂದು ಭರಣಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡರು.

"ಎಲ್ರೂ ಬಂದು ಅವರವರ ಗುರುತು ಹೇಳಿದ್ರಲ್ಲ? ನಾನೂ ಹೇಳ್ಬೇಕೂಂತ ನನಗೆ ಗೊತ್ತಿರ್ಲಿಲ್ಲ."

"ಗುಣವತೀ..."

"ಕುಲಶೇಖರಕ್ಕೆ, ಮಗಳ ಮನೆಗೆ ಹೋಗ್ತೇನೆ. ಅಗ್ರಿಮೆಂಟಿನಲ್ಲಿ ಒಬ್ಬರೇ ಇರುದೂಂತ ಬರೆಸಿ."