ಅಂಬರಗುಬ್ಬಿಯ ಬಾಣಂತನ ಮತ್ತು ಕೆಡದ ಶಟರ್

ಜಗತ್ತಿನ ಮಹಾನ್ ಪಕ್ಷಿ ಛಾಯಾಗ್ರಾಹಕರ ಸಾಲಿನಲ್ಲಿ ನಾನೂ ಒಬ್ಬನಾಗಿಯೇ ತೀರುತ್ತೇನೆ ಎಂದು ಘೋರ ಪ್ರತಿಜ್ಞೆ ಮಾಡಿದ್ದು ನಮ್ಮ ಆಫೀಸಿನಲ್ಲಿ. ಅದನ್ನು ಕೇಳಿಸಿಕೊಂಡವರು ಒಂದಷ್ಟು ಖಾಲಿ ಕುರ್ಚಿಗಳು ಮತ್ತು ಮುಳ್ಳು ಮುರಿದ ಒಂದು ತೂಕದ ಯಂತ್ರ!

ನಮ್ಮದು ತೂಕದ ಯಂತ್ರ ಮಾರುವ ಕಂಪನಿ. ವ್ಯಾಪಾರವಿಲ್ಲವೆಂದು ಈ ಶಾಖೆಯನ್ನು ಮುಚ್ಚಿ ಎಲ್ಲರನ್ನೂ ವರ್ಗ ಮಾಡಿದರು. ಮೇಜು ಕುರ್ಚಿ ಸಾಗಿಸುವವರೆಗೆ ಕಾಯಲು ಒಬ್ಬ ಬೇಕಿತ್ತು. ಹೆಂಡತಿ ಮಕ್ಕಳಿಲ್ಲದವನು, ಎಲ್ಲಿದ್ದರೇನು ಎಂದು ನನ್ನನ್ನೇ ಆರಿಸಿದರು. ಸ್ಟಾಕ್ ಗುಮಾಸ್ತನಾಗಿದ್ದವನು ನಾನೇ ಸ್ಟಾಕ್ ಆಗಿಬಿಟ್ಟೆ!

ಬೆಳಿಗ್ಗೆ ಶಟರ್ ಎತ್ತುವುದು, ಸಂಜೆ ಎಳೆಯುವುದು. ನಡುವೆ ಮಾತಾಡಲು ನರಪಿಳ್ಳೆಯಿಲ್ಲ. ಕೊನೆಕೊನೆಗೆ ಕುರ್ಚಿಗಳನ್ನೇ ‘ಊಟ ಆಯ್ತಾ?’ ಎಂದು ಕೇಳುವ ಹಂತಕ್ಕೆ ಬಂದೆ. (ಉತ್ತರ ಬರಲಿಲ್ಲ. ಬಂದಿದ್ದರೆ ಇದನ್ನು ಆಸ್ಪತ್ರೆಯಿಂದ ಬರೆಯುತ್ತಿದ್ದೆ!)

ಆಗ ಬಂದವು ಒಂದು ಜೋಡಿ ಅಂಬರಗುಬ್ಬಿಗಳು. ನೀಲಿಗಪ್ಪು ಕೋಟು, ಕತ್ತರಿಯಂಥ ಬಾಲ, ದೊಡ್ಡ ಅಧಿಕಾರಿಗಳ ಗತ್ತು. ನನ್ನ ಅಪ್ಪಣೆಯನ್ನೂ ಕೇಳದೆ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕೆಸರುಂಡೆ ಮೆತ್ತಿ ಗೂಡು ಕಟ್ಟಿದವು, ಮೊಟ್ಟೆಯಿಟ್ಟವು. ಅವುಗಳಿಗಾಗಿ ಸಂಜೆ ಶಟರನ್ನು ಒಂದು ಗೇಣು ತೆರೆದೇ ಬಿಟ್ಟು ಹೋಗತೊಡಗಿದೆ. ನಾಲ್ಕು ಮರಿಗಳು ಹಳದಿ ಬಾಯಿ ತೆರೆದು ಚೀರಿದ ದಿನವೇ ನಾನು ಕ್ಯಾಮೆರಾ ಹಿಡಿದು ಆ ಪ್ರತಿಜ್ಞೆ ಮಾಡಿದ್ದು.

ಆದರೆ ಹಕ್ಕಿ ಬಾಣದಂತೆ ಬರುತ್ತಿತ್ತು, ತುತ್ತು ತುರುಕಿ ಬಾಣದಂತೆ ಹೋಗುತ್ತಿತ್ತು. ನಾನು ಗುಂಡಿ ಒತ್ತುವಷ್ಟರಲ್ಲಿ ಉಳಿಯುತ್ತಿದ್ದುದು ಗೋಡೆ! ನನ್ನ ಮುಖ ಕಂಡೇ ಹೆದರುತ್ತಿರಬೇಕೆಂದು ಮೇಜಿನ ಸುತ್ತ ಕಿಟಕಿ ಪರದೆ ಕಟ್ಟಿ, ದಿಂಬು, ನೀರಿನ ಬಾಟಲಿಯೊಂದಿಗೆ ಒಳಗೆ ಅವಿತು ಕುಳಿತೆ. ಕ್ಯಾಮೆರಾವನ್ನು ಟೈಮರ್ ಇಟ್ಟು ನೆಲ ಒರೆಸುವ ಕೋಲಿಗೆ ಬಿಗಿದು ಮೇಲೆತ್ತಿದೆ. ಫಲಿತಾಂಶ: ಗೋಡೆ, ಗೋಡೆ, ಅರ್ಧ ಬಾಲ, ಗೋಡೆ, ನನ್ನ ಮೂಗು. ತಾಯಿ ಹಕ್ಕಿಯಂತೂ ನನ್ನ ಕಲೆಯ ಬಗ್ಗೆ ತನ್ನ ಅಭಿಪ್ರಾಯವನ್ನು ನೇರವಾಗಿ ಲೆನ್ಸಿನ ಮೇಲೆಯೇ ಹಾಕಿ ಹೋಯಿತು!

ಅಷ್ಟರಲ್ಲಿ ಹೆಡ್ ಆಫೀಸಿನ ಸಾಮಾನು ವಿಭಾಗದ ಮೇಡಂ ಫೋನ್ ಮಾಡಿದರು. ಅವರನ್ನು ನಾನು ಕಂಡವನಲ್ಲ. ದನಿ ಮಾತ್ರ ಪರಿಚಯ.

“ನಾಳೆ ಲಾರಿ ಬರುತ್ತೆ. ಕುರ್ಚಿ, ಮೇಜು ತುಂಬಿಸಿ, ಟ್ಯೂಬ್‌ಲೈಟೂ ಬಿಚ್ಚಿಸಿ, ಶಟರ್ ಎಳೆದು ಹೊರಡಿ.”

ಟ್ಯೂಬ್‌ಲೈಟ್ ಬಿಚ್ಚಿದರೆ ಆ ನಾಲ್ಕರ ಗತಿ?

“ಲಾರಿ ಬೇಡ ಮೇಡಂ! ಶಟರ್ ಸಿಕ್ಕಿಕೊಂಡಿದೆ. ಒಂದು ಗೇಣು ಎದ್ದು ನಿಂತುಬಿಟ್ಟಿದೆ. ಕುರ್ಚಿ ತೂರಲ್ಲ.”

“ಮತ್ತೆ ನೀವು ಹೇಗೆ ಒಳಗೆ ಹೋದ್ರಿ?”

“...ನಾನು ತೆಳ್ಳಗಿದ್ದೀನಿ ಮೇಡಂ.”

ಮರುದಿನ ಅವರು ಕಳಿಸಿದ ಶಟರ್ ರಿಪೇರಿಯವನು ಹಾಜರು! ಒಂದೇ ಬೆರಳಿನಲ್ಲಿ ಎತ್ತಿದ. ಶಟರ್ ಸರ್ರನೆ ಮೇಲೇರಿತು.

“ಸಾರ್, ಬೆಣ್ಣೆ ಥರ ಇದೆಯಲ್ಲ!”

“ಶ್! ಮೆಲ್ಲಗಪ್ಪಾ! ಒಳಗೆ ಪುಟ್ಟ ಮಕ್ಕಳಿವೆ. ನಾಲ್ಕು. ಈಗಷ್ಟೇ ಕಣ್ಣು ಬಿಟ್ಟಿವೆ.”

ಪುಣ್ಯಾತ್ಮ ತಲೆಯೆತ್ತಿ ನೋಡಬಾರದೇ? ಮೇಜಿನ ಸುತ್ತಲಿನ ಪರದೆ ನೋಡಿದ, ದಿಂಬು ನೋಡಿದ, ನನ್ನನ್ನು ಕೆಳಗಿನಿಂದ ಮೇಲೆ ನೋಡಿ ಕಾಲಿಗೆ ಬುದ್ಧಿ ಹೇಳಿದ. ಸ್ವಲ್ಪ ಹೊತ್ತಿಗೆಲ್ಲ ಫೋನು.

“ಏನ್ರೀ ಇದು! ಆಫೀಸಲ್ಲಿ ಸಂಸಾರ ಹೂಡಿದ್ದೀರಂತೆ! ಪರದೆ ಕಟ್ಟಿ ಬಾಣಂತನ ಬೇರೆ! ನಾಲ್ಕು ಮಕ್ಕಳಂತೆ!”

“ಅಯ್ಯೋ, ಆ ಮಕ್ಕಳು ನನ್ನವಲ್ಲ ಮೇಡಂ!”

“ಮತ್ಯಾರದ್ರೀ?!”

“ಅವುಗಳ ಅಪ್ಪ ಹೊರಗೆ ಹೋಗಿದ್ದಾನೆ. ನೊಣ ಹಿಡಿಯೋಕೆ.”

ಬೆವರೊರೆಸಿಕೊಂಡು ಎಲ್ಲವನ್ನೂ ಬಾಯಿಬಿಟ್ಟೆ. ಅವರು ನಂಬದೆ ಫೋಟೋ ಕೇಳಿದರು. ಇದ್ದುದರಲ್ಲಿ ವಾಸಿಯಾಗಿದ್ದ ಒಂದನ್ನು ಕಳಿಸಿದೆ: ಮಸುಕು ಮಸುಕಾಗಿ ನಾಲ್ಕು ತೆರೆದ ಬಾಯಿ. ಕೆಲಸ ಹೋಯಿತೆಂದೇ ಕುಳಿತಿದ್ದೆ. ಫೋನು ಬಂತು.

“ಆ ಮೂಲೆಯಲ್ಲಿರೋದು ಸಣ್ಣಗಿದೆಯಲ್ಲ. ಅದಕ್ಕೂ ತುತ್ತು ಸಿಗುತ್ತಾ?”

“ಸಿಗುತ್ತೆ ಮೇಡಂ. ಕೊನೆಗೆ ಸಿಗುತ್ತೆ.”

“ಹಾಗಾದ್ರೆ ಶಟರ್ ಇನ್ನೂ ಸ್ವಲ್ಪ ದಿನ ಕೆಟ್ಟೇ ಇರಲಿ. ಮೇಲಿನವರಿಗೆ ನಾನು ಹೇಳ್ತೀನಿ.”

ಅಂದಿನಿಂದ ದಿನವೂ ಫೋನು. ‘ಮಕ್ಕಳು ಹೇಗಿವೆ?’ ರೆಕ್ಕೆ ಬಲಿತದ್ದು, ಒಂದನ್ನೊಂದು ತಳ್ಳಾಡಿದ್ದು ಎಲ್ಲವನ್ನೂ ವರದಿ ಒಪ್ಪಿಸುತ್ತಿದ್ದೆ. ಒಮ್ಮೆ ಅವರೇ ಅಂದರು: “ಇಲ್ಲಿ ಇಷ್ಟೊಂದು ಜನ ಇದ್ದಾರೆ ನೋಡಿ. ಒಬ್ಬರೂ ನನ್ನ ಹತ್ರ ಸಾಮಾನಿನ ವಿಷಯ ಬಿಟ್ಟು ಬೇರೆ ಮಾತಾಡಲ್ಲ.” “ಇಲ್ಲಿ ಸಾಮಾನೇ ಇದೆ ಮೇಡಂ, ಜನ ಇಲ್ಲ” ಎಂದೆ. ಇಬ್ಬರೂ ನಕ್ಕೆವು. ಆ ಖಾಲಿ ಕೋಣೆಯಲ್ಲಿ ನನ್ನ ನಗು ನನಗೇ ಅಪರಿಚಿತವಾಗಿ ಕೇಳಿಸಿತು.

ಒಂದು ಬೆಳಿಗ್ಗೆ ಮರಿಗಳು ಒಂದೊಂದಾಗಿ ಹಾರಿಹೋದವು. ಕೊನೆಯದು ಹೊಸ್ತಿಲ ಬಳಿ ತಿರುಗಿ ನನ್ನತ್ತ ನೋಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೋಡಲಿಲ್ಲ. ಕ್ಯಾಮೆರಾ ಕೈಯಲ್ಲೇ ಇತ್ತು. ಮಹಾನ್ ಛಾಯಾಗ್ರಾಹಕ ಒತ್ತುವುದನ್ನೇ ಮರೆತಿದ್ದ!

“ಹೋದವು ಮೇಡಂ.”

“ಆ ಸಣ್ಣದೂ?”

“ಅದೂ.”

“ಸರಿ, ಲಾರಿ ಕಳಿಸ್ತೀನಿ” ಎಂದು ಫೋನ್ ಇಟ್ಟರು. ಲಾರಿ ಬಂತು, ಕುರ್ಚಿಗಳೂ ಹೋದವು. ಮರುದಿನ ಫೋನಿಲ್ಲ. ಅದರ ಮರುದಿನವೂ ಇಲ್ಲ.

ಬೀಗದ ಕೈ ಒಪ್ಪಿಸಬೇಕಿದ್ದ ಕೊನೆಯ ಸಂಜೆ, ಬೀದಿಯವರಿಗೆ ಕಾಣದಂತೆ ಸ್ವಲ್ಪ ಹೊತ್ತು ಬರಿ ನೆಲದ ಮೇಲೆ ಕೂತಿದ್ದು ಹೊರಡೋಣವೆಂದು ಶಟರನ್ನು ಒಳಗಿನಿಂದ ಎಳೆದೆ. ಖಟ್! ಎತ್ತಿದೆ, ಒದ್ದೆ, ಕೈಮುಗಿದೆ. ಜಪ್ಪಯ್ಯ ಎಂದರೂ ಏಳಲಿಲ್ಲ! ಕೊನೆಗೆ ಮೇಡಂಗೆ ಫೋನ್ ಮಾಡಿದೆ.

“ಮೇಡಂ! ಶಟರ್ ಸಿಕ್ಕಿಕೊಂಡಿದೆ! ನಾನು ಒಳಗಿದ್ದೀನಿ!”

ಆ ಕಡೆಯಿಂದ ಎಂದೂ ಕೇಳದಷ್ಟು ಮೆಲ್ಲಗಿನ ದನಿ:

“ನೋಡಿ, ಮಾತಾಡಬೇಕು ಅನ್ನಿಸಿದ್ರೆ ಸುಮ್ನೆ ಫೋನ್ ಮಾಡಿ. ನಾನೇನು ಬೇಡ ಅಂತೀನಾ? ಪಾಪ, ಆ ಶಟರನ್ನ ಯಾಕ್ರೀ ಮಧ್ಯಕ್ಕೆ ತರ್ತೀರಿ?”